ಗರ್ಭಕಂಠದ ಕ್ಯಾನ್ಸರ್: ಸ್ಕ್ಯಾನ್ ನೋಡಿ ಮುಂದೇನು ಅಂತ ಎಷ್ಟರಮಟ್ಟಿಗೆ ಹೇಳಬಹುದು?

ತುಂಗೆಯ ದಡ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ಗರ್ಭಕಂಠದ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆ. ಮೊದಲು ಪರೀಕ್ಷೆ ಮಾಡಿದ ಡಾಕ್ಟರು ಸ್ಟೇಜ್ 2ಬಿ ಅಂದಿದ್ದರು. ಆಮೇಲೆ ಎಂಆರ್‌ಐ ಮಾಡಿಸಿದೆವು. ಈಗ ಫೈಲಿನಲ್ಲಿ 3ಸಿ1 ಅಂತ ಬರೆದು ಪಕ್ಕದಲ್ಲಿ ‘ಆರ್’ ಅಂತ ಹಾಕಿದ್ದಾರೆ. ಗಡ್ಡೆ ಐದು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಿದೆಯಂತೆ, ಎಡಗಡೆ ಪ್ಯಾರಾಮೆಟ್ರಿಯಂಗೆ (ಗರ್ಭಕಂಠದ ಪಕ್ಕದ ಅಂಗಾಂಶಕ್ಕೆ) ಹಬ್ಬಿದೆಯಂತೆ, ಸೊಂಟದಲ್ಲಿ ಒಂದು ದುಗ್ಧಗ್ರಂಥಿ ದಪ್ಪ ಇದೆಯಂತೆ.

ಮನೆಯಲ್ಲಿ ಎಲ್ಲರೂ ಹೆದರಿಬಿಟ್ಟಿದ್ದಾರೆ. ಇಷ್ಟು ಬೇಗ ಎರಡರಿಂದ ಮೂರಕ್ಕೆ ಹೋಯಿತಾ? ಇನ್ನೊಂದು ವಿಷಯ. ಬೆಂಗಳೂರಿನ ನಮ್ಮಣ್ಣ ಒಂದು ಲೇಖನ ಕಳಿಸಿದ್ದಾನೆ. ಸ್ಕ್ಯಾನ್ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರೆ ಯಾರಿಗೆ ಕಾಯಿಲೆ ವಾಪಸ್ ಬರುತ್ತೆ, ಯಾರಿಗೆ ಬರಲ್ಲ ಅಂತ ಮೊದಲೇ ಹೇಳುತ್ತಂತೆ. ಇದು ನಿಜವಾ? ಪೆಟ್ ಸ್ಕ್ಯಾನ್ ಕೂಡ ಮಾಡಿಸಬೇಕಾ? ತಿಳಿದವರು ದಯವಿಟ್ಟು ಹೇಳಿ.

ಬ್ರಾಕಿ ಕೊಠಡಿ (ರೇಡಿಯೇಷನ್ ವೈದ್ಯ, ಹುಬ್ಬಳ್ಳಿ)

ಮೊದಲು ಹೆದರಿಕೆಯ ಮಾತಿಗೆ ಉತ್ತರ. ಕಾಯಿಲೆ ಕೆಲವೇ ದಿನಗಳಲ್ಲಿ ಎರಡರಿಂದ ಮೂರಕ್ಕೆ ಜಿಗಿದಿಲ್ಲ. ಕೈಯಲ್ಲಿ ಪರೀಕ್ಷೆ ಮಾಡಿದಾಗ ಸಿಗದ ಗ್ರಂಥಿ ಎಂಆರ್‌ಐಯಲ್ಲಿ ಕಂಡಿದೆ. ಗ್ರಂಥಿ ಮೊದಲೂ ಅಲ್ಲೇ ಇತ್ತು.

ಈ ಕ್ಯಾನ್ಸರಿನ ಸ್ಟೇಜ್ ನಿಯಮಗಳನ್ನು ಮಾಡುವುದು ಫಿಗೋ ಅನ್ನುವ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ. 2018ರವರೆಗೆ ಸ್ಟೇಜ್ ಅನ್ನು ಮುಖ್ಯವಾಗಿ ಕೈಪರೀಕ್ಷೆ ಮತ್ತು ಎಕ್ಸ್‌ರೇಯಂಥ ಸರಳ ಪರೀಕ್ಷೆಗಳ ಮೇಲೆ ಹೇಳಬೇಕಿತ್ತು. ಈ ಕಾಯಿಲೆ ಜಾಸ್ತಿ ಇರುವುದು ದುಡ್ಡಿಲ್ಲದ ದೇಶಗಳಲ್ಲಿ. ಅಲ್ಲಿ ಎಲ್ಲ ಕಡೆ ಎಂಆರ್‌ಐ ಸಿಗುತ್ತಿರಲಿಲ್ಲ. ಚಿಕಿತ್ಸೆಗೆ ಸ್ಕ್ಯಾನ್ ಬಳಸಬಹುದಿತ್ತು, ಆದರೆ ಸ್ಟೇಜ್ ಬದಲಾಯಿಸುವ ಹಾಗಿರಲಿಲ್ಲ. 2018ರಲ್ಲಿ ನಿಯಮ ಬದಲಾಯಿತು. ಸ್ಕ್ಯಾನಿನಲ್ಲಿ ಕಂಡ ಗ್ರಂಥಿಯೂ ಲೆಕ್ಕಕ್ಕೆ ಬಂತು. ಸೊಂಟದ ಗ್ರಂಥಿಗಷ್ಟೇ ಹರಡಿದ್ದರೆ 3ಸಿ1. ಬೆನ್ನುಮೂಳೆಯ ಮುಂದೆ ಹಾದುಹೋಗುವ ದೊಡ್ಡ ರಕ್ತನಾಳದ ಪಕ್ಕದ ಗ್ರಂಥಿಗಳಿಗೂ ಹರಡಿದ್ದರೆ 3ಸಿ2. ಆ ‘ಆರ್’ ಅಂದರೆ ಇದು ರೇಡಿಯಾಲಜಿಯಿಂದ ಗೊತ್ತಾಗಿದ್ದು. ಸೂಜಿ ಹಾಕಿ ಅಥವಾ ಆಪರೇಷನ್ ಮಾಡಿ ಖಚಿತ ಮಾಡಿಕೊಂಡಿದ್ದರೆ ‘ಪಿ’ ಅಂತ ಇರುತ್ತಿತ್ತು.

ಇನ್ನು ಮುಂದಿನದನ್ನು ಹೇಳುವ ವಿಷಯ. ನನ್ನ ಮಟ್ಟಿಗೆ 3ಸಿ1 ಅನ್ನುವ ಒಂದೇ ಗುರುತಿನಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಮೂರು ಸೆಂಟಿಮೀಟರ್ ಗಡ್ಡೆ ಮತ್ತು ಒಂದು ಚಿಕ್ಕ ಗ್ರಂಥಿ ಇರುವವರೂ 3ಸಿ1. ಗಡ್ಡೆ ಸೊಂಟದ ಗೋಡೆ ಮುಟ್ಟಿ, ಕಿಡ್ನಿ ಊದಿ, ನಾಲ್ಕೈದು ಗ್ರಂಥಿ ಇರುವವರೂ 3ಸಿ1. ಇಬ್ಬರ ದಾರಿ ಒಂದೇ ಆಗುವುದಿಲ್ಲ. ಅದಕ್ಕೇ ನಾವು ಎಂಆರ್‌ಐಯನ್ನು ಬಿಡಿಸಿ ಓದುತ್ತೇವೆ. ಗಡ್ಡೆಯ ಗಾತ್ರ ಎಷ್ಟು? ಟಿ2 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಗರ್ಭಕಂಠದ ಸುತ್ತ ಕಪ್ಪು ಉಂಗುರ ಕಾಣುತ್ತದೆ. ಅದು ಎಲ್ಲಿ ಒಡೆದಿದೆ? ಪಕ್ಕದ ಅಂಗಾಂಶದಲ್ಲಿ ಎಷ್ಟು ದೂರ ಹೋಗಿದೆ? ಗರ್ಭಕೋಶದ ಮೇಲ್ಭಾಗಕ್ಕೆ ಏರಿದೆಯಾ? ಮೂತ್ರಕೋಶದ ಗೋಡೆ ಸ್ವಚ್ಛ ಇದೆಯಾ?

ಎಂಬ್ರೇಸ್ ಅನ್ನುವ ಅಂತರರಾಷ್ಟ್ರೀಯ ಅಧ್ಯಯನದ ತಂಡ ಇದನ್ನೇ ಅಂಕದ ರೂಪಕ್ಕೆ ತಂದಿದೆ. ಎಂಟು ಜಾಗಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಕೈಪರೀಕ್ಷೆ ಮತ್ತು ಎಂಆರ್‌ಐ ಎರಡನ್ನೂ ಸೇರಿಸಿ ಹಾಕುತ್ತಾರೆ. ಇದಕ್ಕೆ ಟಿ ಸ್ಕೋರ್ ಅನ್ನುತ್ತಾರೆ. ನಿಮ್ಮ ದೊಡ್ಡಮ್ಮನ ವರದಿಯಲ್ಲಿ ಕಿಡ್ನಿ ಊತದ ಬಗ್ಗೆ ಏನು ಬರೆದಿದ್ದಾರೆ ನೋಡಿ ಹೇಳಿ.

ತುಂಗೆಯ ದಡ

ಸರ್, ತುಂಬಾ ಧನ್ಯವಾದ. ಕಿಡ್ನಿ ಎರಡೂ ಸರಿ ಇವೆ ಅಂತ ಬರೆದಿದ್ದಾರೆ. ಮೂತ್ರಕೋಶವೂ ಸರಿ ಇದೆಯಂತೆ. ಸ್ಟೇಜ್ ವಿಷಯ ಮನೆಯಲ್ಲಿ ಓದಿ ಹೇಳಿದೆ. ದೊಡ್ಡಪ್ಪ ಈಗ ಸ್ವಲ್ಪ ಸಮಾಧಾನವಾಗಿದ್ದಾರೆ.

ಬೆಣ್ಣೆನಗರಿ (ದಾವಣಗೆರೆ)

ತಂಗಿ, ನನಗೂ ಇದೇ ಕಾಯಿಲೆ ಆಗಿತ್ತು. ಕರೆಂಟ್ (ರೇಡಿಯೇಷನ್) ಕೊಟ್ಟರು, ವಾರಕ್ಕೊಂದು ಕೀಮೋ ಡ್ರಿಪ್ ಹಾಕಿದರು, ಆಮೇಲೆ ಒಳಗಿನ ಕರೆಂಟ್. ಈಗ ಆರಾಮಾಗಿದ್ದೇನೆ, ಅಂಗಡಿ ನೋಡಿಕೊಳ್ಳುತ್ತೇನೆ. ಚಿಕಿತ್ಸೆಗಿಂತ ನನಗೆ ಕಷ್ಟವಾಗಿದ್ದು ಅದು ಮುಗಿದ ಮೇಲಿನ ಕಾಯುವಿಕೆ. ಮುಗಿದ ತಕ್ಷಣ ಸ್ಕ್ಯಾನ್ ಮಾಡಿ ಅಂತ ಕೇಳಿದೆ. ಮೂರು ತಿಂಗಳು ಬಿಟ್ಟು ಮಾಡೋಣಮ್ಮ ಅಂದರು. ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಆ ಮೂರು ತಿಂಗಳು ನಿದ್ದೆ ಇರಲಿಲ್ಲ. ಇಲ್ಲಿರುವ ಡಾಕ್ಟ್ರು ಯಾರಾದರೂ ಅದನ್ನು ಹೇಳಿದರೆ ಇವರ ದೊಡ್ಡಮ್ಮನಿಗೂ ಅನುಕೂಲ.

ಕಪ್ಪು ಬಿಳುಪು (ರೇಡಿಯಾಲಜಿಸ್ಟ್, ಮಂಗಳೂರು)

ಬೆಣ್ಣೆನಗರಿ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟರೆ ಪೆಟ್ ಸ್ಕ್ಯಾನಿನ ಅರ್ಧ ವಿಷಯ ಹೇಳಿದ ಹಾಗೆ.

ಪೆಟ್ ಸ್ಕ್ಯಾನಿಗೆ ಮೊದಲು ಸ್ವಲ್ಪ ವಿಕಿರಣ ಸೇರಿಸಿದ ಸಕ್ಕರೆಯಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕಣಗಳು ಅದನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಚಿತ್ರದಲ್ಲಿ ಅವು ಹೊಳೆಯುತ್ತವೆ. ಎಷ್ಟು ಎಳೆದುಕೊಂಡಿವೆ ಅನ್ನುವುದಕ್ಕೆ ಎಸ್‌ಯುವಿ ಅನ್ನುವ ಅಂಕಿ ಇದೆ. ಚಿಕಿತ್ಸೆಗೆ ಮೊದಲು ಈ ಅಂಕಿ ತುಂಬಾ ಜಾಸ್ತಿ ಇದ್ದವರಲ್ಲಿ ಕಾಯಿಲೆ ಮರಳುವ ಸಾಧ್ಯತೆಯೂ ಹೆಚ್ಚು ಅಂತ ಹಲವು ಅಧ್ಯಯನಗಳು ತೋರಿಸಿವೆ.

ಆದರೆ ಇನ್ನೂ ಗಟ್ಟಿಯಾದ ಸೂಚನೆ ಸಿಗುವುದು ಚಿಕಿತ್ಸೆ ಮುಗಿದ ಮೂರು ತಿಂಗಳ ನಂತರದ ಪೆಟ್‌ನಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 92 ಮಹಿಳೆಯರನ್ನು ಹೀಗೆ ನೋಡಿ 2007ರಲ್ಲಿ ಪ್ರಕಟಿಸಿದರು. ಹೊಳಪು ಪೂರ್ತಿ ಹೋಗಿದ್ದವರಲ್ಲಿ ನೂರಕ್ಕೆ 78 ಜನ ಮೂರು ವರ್ಷ ಕಾಯಿಲೆ ಮರಳದೆ ಇದ್ದರು. ಸ್ವಲ್ಪ ಹೊಳಪು ಉಳಿದವರಲ್ಲಿ ನೂರಕ್ಕೆ 33. ಹೊಸ ಜಾಗದಲ್ಲಿ ಹೊಳಪು ಕಂಡವರಲ್ಲಿ ಒಬ್ಬರೂ ಇಲ್ಲ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ.

ಮೂರು ತಿಂಗಳು ಯಾಕೆ ಅಂದರೆ, ಕರೆಂಟ್ ಕೊಟ್ಟ ಜಾಗದಲ್ಲಿ ಉರಿಯೂತ ಇರುತ್ತದೆ. ಉರಿಯೂತದ ಕಣಗಳೂ ಸಕ್ಕರೆ ಎಳೆದುಕೊಳ್ಳುತ್ತವೆ. ಬೇಗ ಸ್ಕ್ಯಾನ್ ಮಾಡಿದರೆ ವಾಸಿಯಾಗುತ್ತಿರುವ ಜಾಗವೂ ಕ್ಯಾನ್ಸರಿನ ಹಾಗೆ ಹೊಳೆಯುತ್ತದೆ. ಸುಮ್ನೆ ಇನ್ನೊಂದು ಬಯಾಪ್ಸಿ, ಇನ್ನೊಂದಷ್ಟು ಭಯ. ಅಷ್ಟೇ ಅಲ್ಲ, ಕಿರಣದ ಪೆಟ್ಟು ತಿಂದ ಕಣಗಳು ಸಾಯುವುದಕ್ಕೂ ಸಮಯ ಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ಕ್ಷಯ ಇದ್ದರೆ ಆ ಗ್ರಂಥಿಯೂ ಪೆಟ್‌ನಲ್ಲಿ ಜೋರಾಗಿ ಹೊಳೆಯುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಂತ ತಿಳಿಯಬಾರದು. ಸಂಶಯ ಬಂದರೆ, ಅದರಲ್ಲೂ ಆ ಒಂದು ಗ್ರಂಥಿಯಿಂದ ಚಿಕಿತ್ಸೆಯೇ ಬದಲಾಗುವ ಹಾಗಿದ್ದರೆ, ಸೂಜಿ ಹಾಕಿ ನೋಡಬೇಕು. ಇದರ ಉಲ್ಟಾ ತಪ್ಪೂ ಆಗುತ್ತದೆ. ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಪೆಟ್‌ನಲ್ಲಿ ಮೇಲಿನ (ದೊಡ್ಡ ರಕ್ತನಾಳದ ಪಕ್ಕದ) ಗ್ರಂಥಿಗಳು ಸ್ವಚ್ಛ ಅಂತ ಬಂದಿದ್ದ 237 ಮಹಿಳೆಯರಿಗೆ ಕೀಹೋಲ್ ಆಪರೇಷನ್ ಮಾಡಿ ನೋಡಿದರು. ನೂರಕ್ಕೆ 12 ಜನರಲ್ಲಿ ಕಾಯಿಲೆ ಅಲ್ಲಿಗೆ ಮುಟ್ಟಿತ್ತು. ತುಂಬಾ ಚಿಕ್ಕ ಗಂಟನ್ನು ಪೆಟ್ ಹಿಡಿಯುವುದಿಲ್ಲ.

ಮುಂಗಾರು ಮೋಡ (ಚಿಕ್ಕಮಗಳೂರು)

ನನಗೆ ಇಲ್ಲಿ ಒಂದು ವಿಷಯ ಒಪ್ಪಿಗೆಯಾಗುತ್ತಿಲ್ಲ, ನೇರವಾಗಿ ಹೇಳುತ್ತೇನೆ. ನೂರಕ್ಕೆ ಇಷ್ಟು, ನೂರಕ್ಕೆ ಅಷ್ಟು ಅಂತ ಹೇಳುವುದರಿಂದ ಮನೆಯವರಿಗೆ ಏನು ಉಪಯೋಗ? ನಮ್ಮ ಅತ್ತಿಗೆಗೆ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಕೂಡಲೇ ಶೇಕಡಾ ಲೆಕ್ಕ ಹೇಳಿಬಿಟ್ಟರು. ಅವತ್ತಿನಿಂದ ಅವರು ಊಟ ಬಿಟ್ಟರು. ಚಿಕಿತ್ಸೆಗೆ ಬರಲ್ಲ ಅಂತ ಹಟ ಹಿಡಿದರು. ಒಪ್ಪಿಸುವುದರೊಳಗೆ ತುಂಬಾ ದಿನ ಕಳೆದುಹೋಯಿತು. ಮುಂದಿನದು ತಿಳಿದು ಆಗಬೇಕಾಗಿರುವುದೇನು? ಮಾಡುವ ಚಿಕಿತ್ಸೆ ಹೇಗೂ ಅದೇ ಅಲ್ವಾ?

ಬ್ರಾಕಿ ಕೊಠಡಿ

ನಿಮ್ಮ ಅತ್ತಿಗೆಗೆ ಆದದ್ದು ಆಗಬಾರದಿತ್ತು. ರೋಗಿ ಕೇಳದೆ, ಅವರು ತಯಾರಾಗದೆ, ಶೇಕಡಾ ಲೆಕ್ಕವನ್ನು ಮುಖಕ್ಕೆ ಹೇಳುವುದು ತಪ್ಪು. ಅದೂ ಗುಂಪಿನ ಲೆಕ್ಕ, ಒಬ್ಬರ ಹಣೆಬರಹ ಅಲ್ಲ.

ಆದರೆ ‘ಚಿಕಿತ್ಸೆ ಹೇಗೂ ಅದೇ’ ಅನ್ನುವುದನ್ನು ಒಪ್ಪಲಾರೆ. ಸ್ಕ್ಯಾನಿನ ಬೆಲೆ ಇರುವುದೇ ಇಲ್ಲಿ. ಮೇಲಿನ ಗ್ರಂಥಿಯಲ್ಲಿ ಕಾಯಿಲೆ ಇದ್ದರೆ ಕಿರಣ ಬೀಳುವ ಜಾಗವನ್ನು ಹೊಟ್ಟೆಯ ಮೇಲ್ಭಾಗದವರೆಗೆ ಹಿಗ್ಗಿಸುತ್ತೇವೆ. ಅದು ಗೊತ್ತಿಲ್ಲದೆ ಸೊಂಟಕ್ಕಷ್ಟೇ ಕೊಟ್ಟರೆ ಮೇಲೆ ಉಳಿದ ಕಾಯಿಲೆ ಬೆಳೆಯುತ್ತದೆ. ಸೊಂಟದಲ್ಲಿ ದಪ್ಪ ಗ್ರಂಥಿ ಕಂಡರೆ ಅದಕ್ಕೆ ಮಾತ್ರ ಸ್ವಲ್ಪ ಹೆಚ್ಚಿನ ಡೋಸ್ ಕೊಡುತ್ತೇವೆ. ತುಂಗೆಯ ದಡ ಅವರ ದೊಡ್ಡಮ್ಮನಿಗೆ ಇದು ಬೇಕಾಗಬಹುದು. ನಿಮ್ಮ ಡಾಕ್ಟರನ್ನು ಕೇಳಿ.

ಒಳಗಿನ ಕರೆಂಟ್, ಅಂದರೆ ಗಡ್ಡೆಯ ಹತ್ತಿರವೇ ವಿಕಿರಣ ಇಟ್ಟು ಕೊಡುವ ಬ್ರಾಕಿಥೆರಪಿ, ಇನ್ನೂ ಮುಖ್ಯ. ಹೊರಗಿನ ಕಿರಣ ಮುಗಿಯುವ ಹೊತ್ತಿಗೆ ಮತ್ತೆ ಎಂಆರ್‌ಐ ಮಾಡಿದರೆ ಗಡ್ಡೆ ಎಷ್ಟು ಕರಗಿದೆ, ಯಾವ ಪಕ್ಕದಲ್ಲಿ ಉಳಿದಿದೆ ಅಂತ ಕಾಣುತ್ತದೆ. ಎಷ್ಟು ಕರಗಿದೆ ಅನ್ನುವುದು ತಾನೇ ಒಂದು ಒಳ್ಳೆಯ ಮುನ್ಸೂಚನೆ. ಜಾಸ್ತಿ ಉಳಿದಿದ್ದರೆ ಕೈಕಟ್ಟಿ ಕೂರುವುದಿಲ್ಲ. ಆ ಪಕ್ಕಕ್ಕೆ ಸೂಜಿಗಳನ್ನು ಸೇರಿಸಿ ಡೋಸ್ ಮುಟ್ಟಿಸುತ್ತೇವೆ. ಎಂಬ್ರೇಸ್‌ನ ಮೊದಲ ಅಧ್ಯಯನ 2008ರಲ್ಲಿ ಶುರುವಾಯಿತು, ಮುಂಬೈನ ಟಾಟಾ ಮೆಮೋರಿಯಲ್ ಕೂಡ ಅದರಲ್ಲಿತ್ತು. ಹೀಗೆ ಎಂಆರ್‌ಐ ನೋಡಿಕೊಂಡು ಬ್ರಾಕಿ ಕೊಟ್ಟ 1341 ಮಹಿಳೆಯರ ಫಲಿತಾಂಶ 2021ರಲ್ಲಿ ಬಂತು. ಐದು ವರ್ಷದ ನಂತರವೂ ನೂರಕ್ಕೆ 92 ಜನರಲ್ಲಿ ಗರ್ಭಕಂಠದ ಜಾಗದಲ್ಲಿ ಕಾಯಿಲೆ ಹತೋಟಿಯಲ್ಲಿತ್ತು. ಅಪಾಯ ಜಾಸ್ತಿ ಅಂತ ಮೊದಲೇ ಕಂಡವರಿಗೆ ಹೆಚ್ಚು ಡೋಸ್ ಕೊಟ್ಟಿದ್ದೂ ಇದಕ್ಕೆ ಒಂದು ಕಾರಣ ಅಂತ ನನ್ನ ಅನಿಸಿಕೆ.

ಔಷಧಿಯ ಆಯ್ಕೆಯೂ ಈಗ ಬದಲಾಗುತ್ತಿದೆ. ಇಂಟರ್‌ಲೇಸ್ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ ಐದು ದೇಶಗಳ 500 ಮಹಿಳೆಯರು. ಕಿರಣಕ್ಕೆ ಮೊದಲು ಆರು ವಾರ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಕೊಟ್ಟವರಲ್ಲಿ ಐದು ವರ್ಷ ಬದುಕಿದ್ದವರು ನೂರಕ್ಕೆ 80, ಕೊಡದವರಲ್ಲಿ 72. ಪೆಂಬ್ರೊಲಿಝುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಸೇರಿಸಿದ ಇನ್ನೊಂದು ಅಧ್ಯಯನದಲ್ಲೂ ಲಾಭ ಕಂಡಿದೆ, ಆದರೆ ಅದರ ಬೆಲೆ ನಮ್ಮ ಬಹುಪಾಲು ಮನೆಗಳಿಗೆ ಎಟುಕುವುದಿಲ್ಲ. ಈ ಎರಡರಲ್ಲೂ ಯಾರನ್ನು ಸೇರಿಸಬೇಕು ಅಂತ ತೀರ್ಮಾನಿಸುವಾಗ ಸ್ಕ್ಯಾನಿನಲ್ಲಿ ಗ್ರಂಥಿ ಹೇಗಿದೆ ಅಂತ ನೋಡಿದ್ದರು. ಹಾಗಾಗಿ ಸ್ಕ್ಯಾನ್ ಹೇಳುವ ಮುನ್ಸೂಚನೆ ನಮಗೆ ಬೇಕು. ಅದನ್ನು ಕೇಳಿಸಿಕೊಂಡು ಏನಾದರೂ ಮಾಡಲು ಆಗುವುದರಿಂದಲೇ ಬೇಕು.

ದೂರದ ಕನ್ನಡಿಗ (ನೆದರ್ಲೆಂಡ್ಸ್)

ಮೂಲ ಪ್ರಶ್ನೆಯಲ್ಲಿದ್ದ ಕಂಪ್ಯೂಟರ್ ವಿಷಯಕ್ಕೆ ಬರುತ್ತೇನೆ. ನಾನು ವೈದ್ಯನಲ್ಲ. ವೈದ್ಯಕೀಯ ಚಿತ್ರಗಳ ಲೆಕ್ಕಾಚಾರದ ಕೆಲಸ ಮಾಡುತ್ತೇನೆ, ಅದರ ಮೇಲೆ ನನಗೆ ತುಂಬಾ ಭರವಸೆಯೂ ಇದೆ. ಅದಕ್ಕೇ ಇರುವುದನ್ನು ಇದ್ದ ಹಾಗೆ ಹೇಳಬೇಕು ಅನಿಸುತ್ತದೆ.

ಇದನ್ನು ರೇಡಿಯೋಮಿಕ್ಸ್ ಅನ್ನುತ್ತಾರೆ. ಮೊದಲು ಎಂಆರ್‌ಐ ಅಥವಾ ಪೆಟ್ ಚಿತ್ರದಲ್ಲಿ ಗಡ್ಡೆಯ ಸುತ್ತ ಗೆರೆ ಎಳೆಯಬೇಕು. ಆ ಗೆರೆಯೊಳಗಿನ ಚುಕ್ಕಿಗಳಿಂದ ಕಂಪ್ಯೂಟರ್ ನೂರಾರು ಅಂಕಿ ತೆಗೆಯುತ್ತದೆ. ಗಡ್ಡೆಯ ಆಕಾರ, ಬೆಳಕು ಎಷ್ಟು, ಅಕ್ಕಪಕ್ಕದ ಚುಕ್ಕಿಗಳು ಎಷ್ಟು ಏರುಪೇರು, ಹೀಗೆ. ಯಾವ ಅಂಕಿ ಹೇಗಿದ್ದವರಿಗೆ ಕಾಯಿಲೆ ಮರಳಿತು ಅಂತ ಹಳೆಯ ರೋಗಿಗಳ ಮಾಹಿತಿಯಿಂದ ಕಲಿಯುತ್ತದೆ. ಹಿಂದಿರುವ ಯೋಚನೆ ಸರಿಯಾದದ್ದು. ಗಡ್ಡೆಯ ಒಳಗೆ ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ಕೆಲವು ಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ, ಆಮ್ಲಜನಕ ಕಡಿಮೆ. ಅಂಥ ಕಡೆ ವಿಕಿರಣ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಈ ಏರುಪೇರನ್ನು ಕಣ್ಣು ಅಂದಾಜು ಮಾಡುತ್ತದೆ, ಕಂಪ್ಯೂಟರ್ ಅಳೆಯುತ್ತದೆ.

ಫ್ರಾನ್ಸಿನ ಬ್ರೆಸ್ಟ್ ನಗರದ ತಂಡ 2018ರಲ್ಲಿ ಇಂಥ ಕೆಲಸ ಪ್ರಕಟಿಸಿತು. ಅವರಿಗೆ ಮುಖ್ಯವಾಗಿ ಸಿಕ್ಕಿದ್ದು ಡಿಫ್ಯೂಷನ್ ಎಂಆರ್‌ಐನ ಒಂದು ಅಂಕಿ. ಡಿಫ್ಯೂಷನ್ ಚಿತ್ರ ನೀರಿನ ಕಣ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂತ ತೋರಿಸುತ್ತದೆ. ಕ್ಯಾನ್ಸರ್ ಕಣಗಳು ಒತ್ತೊತ್ತಾಗಿ ತುಂಬಿದ್ದರೆ ನೀರಿಗೆ ಓಡಾಡಲು ಜಾಗ ಇಲ್ಲ. ಗಡ್ಡೆಯಲ್ಲಿ ಈ ಓಡಾಟ ಎಷ್ಟು ಅಸ್ತವ್ಯಸ್ತವಾಗಿದೆ ಅನ್ನುವುದಕ್ಕೆ ಎಂಟ್ರೋಪಿ ಅನ್ನುವ ಅಳತೆ ಇದೆ. ಅದಕ್ಕೂ ಕಾಯಿಲೆ ಮರಳುವುದಕ್ಕೂ ಸಂಬಂಧ ಕಂಡಿತು. 2019ರಲ್ಲಿ ಫ್ರಾನ್ಸಿನದೇ ಆದ ನಾಂಟ್ ನಗರ ಮತ್ತು ಕೆನಡಾದ ಮಾಂಟ್ರಿಯಲ್‌ನ ರೋಗಿಗಳ ಚಿತ್ರಗಳ ಮೇಲೂ ಅದೇ ಮಾದರಿಯನ್ನು ಪರೀಕ್ಷಿಸಿದರು. ಬೇರೆ ಊರಿನ ಮಾಹಿತಿಯ ಮೇಲೆ ಪರೀಕ್ಷಿಸಿದ್ದು ನನಗೆ ತುಂಬಾ ಮೆಚ್ಚುಗೆಯಾದ ವಿಷಯ. ಈ ಕ್ಷೇತ್ರದ ಎಷ್ಟೋ ಲೇಖನಗಳು ಆ ಕೆಲಸ ಮಾಡುವುದೇ ಇಲ್ಲ. ಒಂದೇ ಆಸ್ಪತ್ರೆಯ ನೂರು ರೋಗಿಗಳ ಮೇಲೆ ಕಲಿಸಿ, ಅವರ ಮೇಲೇ ಪರೀಕ್ಷಿಸಿ, ಫಲಿತಾಂಶ ಭರ್ಜರಿ ಅಂತ ಬರೆಯುತ್ತಾರೆ. ನೂರು ಜನರಲ್ಲಿ ಕಾಯಿಲೆ ಮರಳಿದವರು ಇಪ್ಪತ್ತೈದು ಅಂದುಕೊಳ್ಳಿ. ನೂರಾರು ಅಂಕಿಗಳಲ್ಲಿ ಯಾವುದೋ ಒಂದು ಆ ಇಪ್ಪತ್ತೈದು ಜನಕ್ಕೆ ಆಕಸ್ಮಿಕವಾಗಿಯೇ ಹೊಂದಿಕೊಂಡುಬಿಡುತ್ತದೆ.

ಎರಡನೇ ತೊಂದರೆ ಮೆಷಿನ್. ಬೇರೆ ಕಂಪನಿಯ ಸ್ಕ್ಯಾನರ್, ಬೇರೆ ಸ್ಲೈಸ್ ದಪ್ಪ, ಬೇರೆ ಸೆಟ್ಟಿಂಗ್ ಇದ್ದರೆ ಒಂದೇ ಗಡ್ಡೆಗೆ ಬೇರೆ ಅಂಕಿ ಬರುತ್ತದೆ. ಪ್ರತಿ ಅಂಗಡಿಯ ತಕ್ಕಡಿಯೂ ಬೇರೆ ತೂಕ ತೋರಿಸಿದರೆ ವ್ಯಾಪಾರ ಹೇಗೆ ಮಾಡುವುದು? ಇದನ್ನು ಸರಿ ಮಾಡಲು ಅಂತರರಾಷ್ಟ್ರೀಯ ತಂಡವೊಂದು 2020ರಲ್ಲಿ 169 ಅಂಕಿಗಳ ಲೆಕ್ಕದ ವಿಧಾನವನ್ನು ಒಂದೇ ಕ್ರಮಕ್ಕೆ ತಂದಿತು. ಮೆಷಿನ್‌ಗಳ ನಡುವಿನ ವ್ಯತ್ಯಾಸ ಕಳೆಯುವ ಕಾಂಬ್ಯಾಟ್ ಅನ್ನುವ ಲೆಕ್ಕವೂ ಬಳಕೆಯಲ್ಲಿದೆ. ಅನುಕೂಲವಾಗಿದೆ, ಆದರೆ ತೊಂದರೆ ಪೂರ್ತಿ ಹೋಗಿಲ್ಲ.

ಹಾಗಾಗಿ ನಿಮ್ಮಣ್ಣ ಕಳಿಸಿದ್ದು ಸುಳ್ಳಲ್ಲ. ಆದರೆ ಅದು ಇನ್ನೂ ಸಂಶೋಧನೆಯ ಹಂತ. ಅದರ ಮೇಲೆ ದೊಡ್ಡಮ್ಮನ ಚಿಕಿತ್ಸೆಯನ್ನು ತೀರ್ಮಾನಿಸುವ ಕಾಲ ಬಂದಿಲ್ಲ. ಸ್ಕ್ಯಾನ್ ಕಳಿಸಿ, ಎಐ ವರದಿ ಕೊಡುತ್ತೇವೆ ಅಂತ ದುಡ್ಡು ಕೇಳುವವರು ಸಿಕ್ಕರೆ ಕೊಡಬೇಡಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಬರುತ್ತದೆ, ಸುಮಾರು 80 ಸಾವಿರ ಜನ ಸಾಯುತ್ತಾರೆ. ಬ್ರೆಸ್ಟ್ ನಗರದ ರೋಗಿಗಳ ಮೇಲೆ ಕಲಿತ ಕಂಪ್ಯೂಟರ್ ನಮ್ಮ ಹೆಂಗಸರ ಬಗ್ಗೆ ಸರಿ ಹೇಳುತ್ತೆ ಅಂತ ನಂಬಲು ಕಾರಣ ಬೇಕು. ನಮ್ಮಲ್ಲಿ ಗಡ್ಡೆ ದೊಡ್ಡದಾದ ಮೇಲೆ ಬರುವವರು ಜಾಸ್ತಿ. ರಕ್ತ ಕಡಿಮೆ ಇರುವವರು ಜಾಸ್ತಿ. ಇಲ್ಲಿನ ಮಾಹಿತಿ ಇಲ್ಲೇ ಸೇರಬೇಕು. ಚಿತ್ರಗಳು ಸಿಗಬಹುದು, ಆದರೆ ಐದು ವರ್ಷದ ನಂತರ ಆ ತಾಯಿ ಹೇಗಿದ್ದಾರೆ ಅನ್ನುವ ಮಾಹಿತಿ ಇಲ್ಲದಿದ್ದರೆ ಕಂಪ್ಯೂಟರಿಗೆ ಕಲಿಯಲು ಏನೂ ಇಲ್ಲ.

ಬಯಲುಸೀಮೆ ಸಿಸ್ಟರ್ (ಬಳ್ಳಾರಿ ಕಡೆ)

ಆ ಐದು ವರ್ಷದ ಮಾಹಿತಿ ಯಾಕೆ ಸಿಗಲ್ಲ ಅಂತ ನಾನು ಹೇಳುತ್ತೇನೆ ಸರ್. ಚಿಕಿತ್ಸೆ ಮುಗಿದ ಮೇಲೆ ಬಸ್ ಚಾರ್ಜು, ಕೂಲಿ ಹೋಗುವ ದಿನ, ಜೊತೆಗೆ ಬರಲು ಒಬ್ಬರು. ಇಷ್ಟು ಹೊಂದಿಸಲಾಗದೆ ಎಷ್ಟೋ ಜನ ಮತ್ತೆ ಬರುವುದಿಲ್ಲ. ಫೋನ್ ನಂಬರ್ ಬದಲಾಗಿರುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು. ಇಲ್ಲಿ ಎಲ್ಲರೂ ಎಂಆರ್‌ಐ, ಪೆಟ್ ಅಂತ ಮಾತಾಡುತ್ತಿದ್ದೀರಿ. ತಾಲೂಕು ಮಟ್ಟದಲ್ಲಿ ನಮ್ಮ ಕೈಯಲ್ಲಿರುವುದು ಅಲ್ಟ್ರಾಸೌಂಡ್. ಅದರಲ್ಲಿ ಕಿಡ್ನಿ ಊತ ಕಂಡರೆ ನಾವು ಓಡಿಸುತ್ತೇವೆ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಅಂತ. ಇದು ಕೂಡ ಸ್ಕ್ಯಾನಿನಿಂದ ಮುಂದಿನದನ್ನು ತಿಳಿಯುವುದೇ ಅಲ್ವಾ?

ಬ್ರಾಕಿ ಕೊಠಡಿ

ಖಂಡಿತ ಹೌದು ಸಿಸ್ಟರ್. ಗಡ್ಡೆ ಮೂತ್ರನಾಳ ಒತ್ತಿ ಕಿಡ್ನಿ ಊದಿದ್ದರೆ ಅದು ಕನಿಷ್ಠ 3ಬಿ. ಕಿಡ್ನಿ ಕೆಟ್ಟರೆ, ಕಿರಣದ ಜೊತೆ ಕೊಡುವ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡುವುದು ಕಷ್ಟ. ಸಮಯಕ್ಕೆ ಸರಿಯಾಗಿ ಮೂತ್ರನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರೆ ಆ ದಾರಿ ಉಳಿಯುತ್ತದೆ. ಟಾಟಾ ಮೆಮೋರಿಯಲ್‌ನವರು 3ಬಿ ಹಂತದ 850 ಮಹಿಳೆಯರ ಮೇಲೆ ಮಾಡಿದ ಅಧ್ಯಯನದಲ್ಲಿ, ಕಿರಣದ ಜೊತೆ ಸಿಸ್‌ಪ್ಲಾಟಿನ್ ಪಡೆದವರಲ್ಲಿ ಐದು ವರ್ಷ ಬದುಕಿದ್ದವರು ನೂರಕ್ಕೆ 54, ಕಿರಣ ಮಾತ್ರ ಪಡೆದವರಲ್ಲಿ 46. ಆ ಎಂಟು ಜನರ ಜೀವ ಒಂದು ಸರಳ ಅಲ್ಟ್ರಾಸೌಂಡ್‌ನಿಂದ ಶುರುವಾಗಬಹುದು. ಬ್ರಾಕಿ ಮಾಡುವಾಗ ಎಂಆರ್‌ಐ ಇಲ್ಲದ ಕಡೆ ಗುದದ್ವಾರದ ಮೂಲಕ ಅಲ್ಟ್ರಾಸೌಂಡ್ ಮಾಡಿ ಗಡ್ಡೆ ನೋಡುವ ವಿಧಾನಕ್ಕೂ ನಮ್ಮ ದೇಶದಲ್ಲೇ ಒಳ್ಳೆಯ ಕೆಲಸ ನಡೆದಿದೆ.

ತುಂಗೆಯ ದಡ ಅವರಿಗೆ: ಯಾವ ಸ್ಕ್ಯಾನಿಗಿಂತಲೂ ನಿಮ್ಮ ಕೈಯಲ್ಲಿರುವ ದೊಡ್ಡ ವಿಷಯ ಸಮಯ. ಹೊರಗಿನ ಕಿರಣ ಶುರುವಾದ ದಿನದಿಂದ ಒಳಗಿನ ಕರೆಂಟ್ ಮುಗಿಯುವವರೆಗೆ ಎಂಟು ವಾರ ಮೀರಬಾರದು. ಮೀರಿದಷ್ಟೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಹಬ್ಬ, ಮದುವೆ, ಸುಸ್ತು, ಏನೇ ಇರಲಿ, ನಡುವೆ ಬಿಡಬೇಡಿ.

ತುಂಗೆಯ ದಡ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಂದು ಡಾಕ್ಟರ ಹತ್ತಿರ ಮಾತಾಡಿದೆವು. ಮೇಲಿನ ಗ್ರಂಥಿಗಳ ಬಗ್ಗೆ ಖಚಿತವಾಗಲಿ ಅಂತ ಪೆಟ್ ಮಾಡಿಸೋಣ ಅಂದರು. ಅದರಿಂದ ಕಿರಣದ ಜಾಗ ಬದಲಾಗಬಹುದು ಅಂತಲೂ ಹೇಳಿದರು. ಶೇಕಡಾ ಲೆಕ್ಕ ನಾವು ಕೇಳಲಿಲ್ಲ. ದೊಡ್ಡಮ್ಮನಿಗೂ ಅದು ಬೇಡ. ಅವರು ಕೇಳಿದ್ದು ಒಂದೇ, ಚಿಕಿತ್ಸೆ ಯಾವಾಗ ಶುರು ಅಂತ. ಪೆಟ್‌ಗೆ ಹೋಗುವಾಗ ಏನು ನೋಡಿಕೊಳ್ಳಬೇಕು? ಅವರಿಗೆ ಶುಗರ್ ಇದೆ.

ಕಪ್ಪು ಬಿಳುಪು

ಶುಗರ್ ಇರುವುದನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಕೊಟ್ಟ ವಸ್ತುವನ್ನು ಗಡ್ಡೆ ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಚಿತ್ರ ಮಂಕಾಗುತ್ತದೆ. ಮಾತ್ರೆ, ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕು ಅಂತ ಅವರೇ ತಿಳಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಸ್ಕ್ಯಾನಿಗೆ ಮುಂಚೆ ಮೂತ್ರಕ್ಕೆ ಹೋಗಿ ಬರಲು ಹೇಳುತ್ತಾರೆ. ಆ ವಸ್ತು ಮೂತ್ರದಲ್ಲೇ ಹೊರಗೆ ಹೋಗುವುದರಿಂದ ತುಂಬಿದ ಮೂತ್ರಕೋಶ ಜೋರಾಗಿ ಹೊಳೆದು ಪಕ್ಕದ ಗರ್ಭಕಂಠವನ್ನು ಮರೆಮಾಡುತ್ತದೆ. ಹಿಂದೆ ಕ್ಷಯಕ್ಕೆ ಔಷಧಿ ತೆಗೆದುಕೊಂಡಿದ್ದರೆ ಚೀಟಿಯಲ್ಲಿ ಬರೆಸಿ.

ವರದಿಯ ಕಾಗದದ ಜೊತೆ ಚಿತ್ರಗಳ ಸಿಡಿಯನ್ನೂ ಕೇಳಿ ಪಡೆಯಿರಿ, ಎಂಆರ್‌ಐದೂ ಪೆಟ್‌ದೂ. ಮೂರು ತಿಂಗಳ ಮೇಲೆ ಮಾಡುವ ಪೆಟ್ ಅನ್ನು ಆದಷ್ಟೂ ಅದೇ ಮೆಷಿನ್‌ನಲ್ಲಿ ಮಾಡಿಸಿ. ಆಗ ಹಳೆಯ ಚಿತ್ರದ ಪಕ್ಕ ಇಟ್ಟು ನೋಡಬಹುದು.